ಕೊಲ್ಲದಿರುವುದೇ ದಯೆಯೆ?

ಯಾವ ಪ್ರಾಣಿಗೂ ಕೇಡು ಬಗೆಯದವನನ್ನು ಲೋಕವು ದಯಾಳುವೆಂದು ಕರೆಯುವುದು. ಆದರೆ ಕೇಡು ಮಾಡದೆ ಸುಮ್ಮನಿದ್ದ ಮಾತ್ರಕ್ಕೆ ದಯೆಯು ಪೂರ್ಣವಾಗುವುದೆ? ಇಂಗ್ಲೆಂಡಿನ ಒಂದು ಸಣ್ಣ ನೊಣದ ಬಾಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಗಾಳಿಯಲ್ಲಿ ನಿಂತಲ್ಲೇ ನಿಂತು ಹಾರಬಲ್ಲ ಸಿರ್ಫಿಡ್ ನೊಣಗಳ ಕುಲದಲ್ಲಿ ಮೈಕ್ರೊಡಾನ್ ಡೀವಿಯಸ್ ಎಂಬುದೊಂದು. ಅಲ್ಲಿಯ ದಕ್ಷಿಣ ಭಾಗದ ಸುಣ್ಣಕಲ್ಲಿನ ದಿಬ್ಬಗಳ ಮೇಲೆ ಬೆಳೆಯುವ ಗಿಡ್ಡ ಹುಲ್ಲಿನ ಬಯಲೇ ಅದರ ನೆಲೆ. ಅದರ ಮರಿಹುಳು ಹಳದಿ ಇರುವೆಗಳ ಮಣ್ಣಿನ ಗೂಡಿನೊಳಗೆ ಬೆಳೆಯುತ್ತದೆ. ಈ ವರ್ಗದ ಮರಿಹುಳುಗಳ ರೂಪವನ್ನು ಕಂಡು 19ನೆಯ ಶತಮಾನದ ಪಂಡಿತರು ಅವನ್ನು ಬಸವನಹುಳುವಿನ ಜಾತಿಗೆ ಸೇರಿಸಿದ್ದುಂಟು.

ಆಶ್ರಯವಿತ್ತ ಇರುವೆಗಳ ಎಳೆಮರಿಗಳನ್ನು ತಿಂದು ಬದುಕುವುದು ಈ ವರ್ಗದ ಸ್ವಭಾವ. ಇಂಥದು ಉಳಿದರೇನು, ಅಳಿದರೇನು ಎಂದು ಕೆಲವರು ಕೇಳಬಹುದು. ಆದರೆ ಪ್ರಯೋಜನವನ್ನು ತೂಗಿ ತೋರುವ ಕರುಣೆಯು ವ್ಯಾಪಾರವೇ ಹೊರತು ದಯೆಯಲ್ಲ. ಹುಟ್ಟಿದ ರೀತಿಯಲ್ಲಿ ಬಾಳುವ ಹುಳುವಿಗೆ ಪಾಪವೆಲ್ಲಿಯದು?

ಈ ಇರುವೆಗಳ ಗೂಡಿಗೆ ಬಿಸಿಲು ಬೇಕು. ಬಿಸಿಲು ಬೀಳಲು ಹುಲ್ಲು ಗಿಡ್ಡವಾಗಿರಬೇಕು. ಶತಮಾನಗಳ ಕಾಲ ಕುರಿಗಳೂ ಮೊಲಗಳೂ ಮೇಯ್ದು ಆ ಬಯಲನ್ನು ಕಾಯ್ದವು. ಎರಡನೆಯ ಮಹಾಯುದ್ಧದ ತರುವಾಯ ಎಷ್ಟೋ ದಿಬ್ಬಗಳು ಉಳುಮೆಗೆ ಒಳಗಾದವು. ಉಳಿದ ಹಲವು ಕಡೆ ಕುರಿ ಮೇಯಿಸುವವರೇ ಇಲ್ಲವಾದರು. 1953ರಲ್ಲಿ ಬ್ರಿಟನ್ನಿಗೆ ಬಂದ ಮಿಕ್ಸೊಮಟೋಸಿಸ್ ಎಂಬ ರೋಗದಿಂದ ಮೊಲಗಳು ಬಹುಪಾಲು ಸತ್ತವು. ಹುಲ್ಲು ಎತ್ತರವಾಗಿ, ಪೊದೆ ಹಬ್ಬಿ, ಗೂಡುಗಳ ಮೇಲೆ ನೆರಳು ಕವಿಯಿತು. ಅಲ್ಲಿ ನೊಣವನ್ನು ಕೊಂದವರು ಯಾರೂ ಇಲ್ಲ. ಆದರೂ ಅದರ ಮನೆ ಹಾಳಾಯಿತು.

ಇರುವೆಗೂಡನ್ನೇ ನಂಬಿದ ದೊಡ್ಡ ನೀಲಿ ಚಿಟ್ಟೆಯ ಕಥೆಯೂ ಇದೇ. ಹಿಡಿಯುವವರಿಂದ ಅದನ್ನು ಉಳಿಸಲು ಒಂದೆಡೆ ಬೇಲಿ ಹಾಕಿದರು. ಬೇಲಿಯು ಮೇಯುವ ಪ್ರಾಣಿಗಳನ್ನೂ ತಡೆಯಿತು. ಹುಲ್ಲು ಬೆಳೆದು ಚಿಟ್ಟೆ ಅಲ್ಲಿ ಕ್ಷೀಣಿಸಿತು. 1979ರಲ್ಲಿ ಅದು ಬ್ರಿಟನ್ನಿನಿಂದಲೇ ಮರೆಯಾಯಿತು. ಕಾರಣವನ್ನರಿತು, ಬಯಲನ್ನು ಮತ್ತೆ ಮೇಯಿಸಿ, ಸ್ವೀಡನ್ನಿನಿಂದ ತಂದು ಬಿಟ್ಟ ಮೇಲೆ ಅದು ಪುನಃ ನೆಲೆನಿಂತಿತು. ಬೇಲಿ ಹಾಕಿದವರಲ್ಲಿ ಸದ್ಭಾವಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಅರಿವಿಗೆ.

2022ರಲ್ಲಿ ಪ್ರಕಟವಾದ ಯುರೋಪಿನ ಕೆಂಪುಪಟ್ಟಿಯ ಪ್ರಕಾರ, ಪರಿಶೀಲಿಸಿದ 890 ಸಿರ್ಫಿಡ್ ಪ್ರಭೇದಗಳಲ್ಲಿ 314 ಅಳಿವಿನ ಅಪಾಯದಲ್ಲಿವೆ. ಅವುಗಳ ಬಗ್ಗೆ ಮರುಗಿದರೆ ಸಾಲದು. ಅವು ಎಲ್ಲಿ, ಯಾವುದನ್ನು ನಂಬಿ ಬಾಳುತ್ತವೆಂಬುದನ್ನು ಅರಿಯಬೇಕು. ಅರಿತ ಮೇಲೆ ಹುಲ್ಲು ಮೇಯಿಸುವ, ಪೊದೆ ಕಡಿಯುವ ದುಡಿಮೆಗೆ ಕೈಹಚ್ಚಬೇಕು. ಆರಿಸದೆ ಬಿಟ್ಟ ಮಾತ್ರಕ್ಕೆ ದೀಪವು ಉರಿಯದು, ಎಣ್ಣೆಯನ್ನೂ ಎರೆಯಬೇಕು. ಜೀವದಯೆಯೂ ಹಾಗೆಯೇ.