ಇಂದಿನ ಧಮ್ಮ ಚಿಂತನೆ: ಔಷಧಿಗೂ ಅದೇ ಕೈ, ಬೆಡ್‌ಪ್ಯಾನಿಗೂ ಅದೇ ಕೈ





ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅವಳ ಅವ್ವ ನಮ್ಮೂರ ಪುರಸಭೆಯಲ್ಲಿ ಪೌರಕಾರ್ಮಿಕರು. ಮಗಳ ಕೈಗೆ ಪೊರಕೆ ಬರಬಾರದು ಎಂದು ಆ ತಾಯಿ ಪಟ್ಟ ಪಾಡು ನಮ್ಮ ಕೇರಿಗೆಲ್ಲ ಗೊತ್ತು. ಕೆಲಸಕ್ಕೆ ಸೇರಿದ ಮೂರನೇ ವಾರ, ರಾತ್ರಿ ಪಾಳಿ ಮುಗಿಸಿ ಬಂದವಳು ಬೆಳಿಗ್ಗೆಯೇ ಫೋನ್ ಮಾಡಿದಳು.

"ಸರ್, ಎರಡೆರಡು ಗಂಟೆಗೊಮ್ಮೆ ಪೇಷಂಟ್‌ಗಳ ಮಗ್ಗುಲು ಬದಲಿಸಬೇಕು. ಕಫ ತೆಗೀಬೇಕು. ಹಾಸಿಗೇಲೇ ಆಗಿದ್ದನ್ನ ಕ್ಲೀನ್ ಮಾಡ್ಬೇಕು. ನಮ್ಮವ್ವ ಊರ ಹೊಲಸು ಬಳೀತಾಳೆ. ನಾಲ್ಕು ವರ್ಷ ಓದಿ ನಾನೂ ಅದನ್ನೇ ಮಾಡ್ತಿದೀನಾ?"

ನಾನು ಥಟ್ಟನೆ ಹೇಳಿಬಿಟ್ಟೆ: "ಹಾಗೆಲ್ಲ ಅಂದ್ಕೋಬೇಡ ಕಣಮ್ಮ. ಅದು ಸೇವೆ. ನರ್ಸ್ ಅಂದ್ರೆ ದೇವತೆ ಇದ್ದ ಹಾಗೆ."

ಅವಳು "ಸರಿ ಸರ್" ಎಂದು ಫೋನ್ ಇಟ್ಟಳು. ಮೇಷ್ಟರಾದವರಿಗೆಲ್ಲ ಈ "ಸರಿ ಸರ್" ಗೊತ್ತು. ಉತ್ತರ ಸಿಗದ ಮಕ್ಕಳು ಮೇಷ್ಟರಿಗೆ ಬೇಸರವಾಗದಿರಲಿ ಎಂದು ಹೇಳುವ ಮಾತು ಅದು.

ನಾನು ಕೊಟ್ಟದ್ದು ತಪ್ಪು ಉತ್ತರ. ಹೊಲಸು ಬಳಿಯುವುದನ್ನು ಪವಿತ್ರ ಸೇವೆ ಎಂದು ಹೊಗಳಿ, ಆ ಹೊಗಳಿಕೆಯಲ್ಲೇ ನಮ್ಮ ಜನರನ್ನು ಆ ಕೆಲಸಕ್ಕೆ ಕಟ್ಟಿಹಾಕುವ ಜಾಣತನವನ್ನು ಬಾಬಾಸಾಹೇಬರು ಬಯಲಿಗೆಳೆದಿದ್ದರು. ಜಾತಿ ಎಂಬುದು ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು 1936ರಲ್ಲೇ 'ಜಾತಿ ವಿನಾಶ'ದಲ್ಲಿ ತೋರಿಸಿದ್ದರು. ಅದನ್ನೆಲ್ಲ ಓದಿದ ನಾನೇ ನಮ್ಮ ಹುಡುಗಿ ನೇರವಾಗಿ ಕೇಳಿದಾಗ ಹಳೆಯ ಹೊಗಳಿಕೆಯನ್ನೇ ಅವಳ ಕೈಗಿಟ್ಟೆ.

ಆ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ರೋಗಿ ಭಿಕ್ಖುವಿನ ಪ್ರಸಂಗ ಓದಿಗೆ ಬಂತು. ನಿಮಗೆಲ್ಲ ಗೊತ್ತಿರುವ ಕತೆ. ಹೊಟ್ಟೆ ಕೆಟ್ಟು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಬುದ್ಧರು ಕಂಡರು. ಯಾರೂ ನೋಡಿಕೊಳ್ಳುತ್ತಿಲ್ಲವೇ ಎಂದು ಕೇಳಿದರೆ, ತನ್ನಿಂದ ಉಳಿದವರಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎಂದ. ಆನಂದರು ನೀರು ತಂದರು. ಬುದ್ಧರು ನೀರು ಹಾಕಿದರು, ಆನಂದರು ಮೈ ತೊಳೆದರು. ಒಬ್ಬರು ತಲೆ ಕಡೆ, ಒಬ್ಬರು ಕಾಲು ಕಡೆ ಹಿಡಿದು ಮಂಚಕ್ಕೆ ಎತ್ತಿ ಮಲಗಿಸಿದರು. ಸಂಘದಲ್ಲಿ ಕಸ ಗುಡಿಸುತ್ತಿದ್ದ ಸುನೀತನಂಥವರೂ ಇದ್ದರು. ಆದರೆ ಇದು ಇಂಥವರ ಕೆಲಸ ಎಂದು ಯಾರನ್ನೂ ಕರೆಸಿದ ಮಾತು ಈ ಪ್ರಸಂಗದಲ್ಲಿ ಇಲ್ಲ. ತೊಳೆದ ಇಬ್ಬರೂ ಶಾಕ್ಯ ಕುಲದವರು. ರೋಗಿ ಶಿಷ್ಯನಾದರೆ ಗುರು, ಗುರುವಾದರೆ ಶಿಷ್ಯ ಆರೈಕೆ ಮಾಡಬೇಕು; ಯಾರೂ ಇಲ್ಲದಿದ್ದರೆ ಇಡೀ ಸಂಘದ ಹೊಣೆ ಎಂಬ ನಿಯಮ ಬಂದದ್ದು ಆ ದಿನದಿಂದ.

ಕತೆ ಇಲ್ಲಿಗೆ ನಿಲ್ಲಿಸುವುದು ನಮ್ಮ ರೂಢಿ. ವಿನಯದಲ್ಲಿ ಮುಂದೆ ಇನ್ನೂ ಒಂದು ಮಾತಿದೆ. ಒಳ್ಳೆಯ ಗಿಲಾನುಪಟ್ಠಾಕರು, ಅಂದರೆ ರೋಗಿಯ ಆರೈಕೆ ಮಾಡುವವರು, ಹೇಗಿರಬೇಕು ಎಂದು ಐದು ಗುಣಗಳನ್ನು ಹೇಳಿದೆ. ಔಷಧಿ ಸಿದ್ಧಮಾಡಲು ಬರಬೇಕು. ರೋಗಿಗೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ತಿಳಿದಿರಬೇಕು. ಲಾಭದ ಆಸೆಯಿಂದಲ್ಲ, ಮೈತ್ರಿಯಿಂದ ಮಾಡಬೇಕು. ಮಲ, ಮೂತ್ರ, ಕಫ, ವಾಂತಿ ತೆಗೆಯಲು ಅಸಹ್ಯಪಡಬಾರದು. ಧಮ್ಮದ ಮಾತಾಡಿ ರೋಗಿಯ ಮನಸ್ಸಿಗೆ ಉತ್ಸಾಹ ತುಂಬಬೇಕು.

ಪಟ್ಟಿಯ ಮೊದಲ ಎರಡು ಗುಣಗಳು ತಿಳಿವಳಿಕೆಗೆ ಸೇರಿದವು. ಪ್ರಜ್ಞೆ ಮತ್ತು ಕರುಣೆ ಧಮ್ಮದ ಎರಡು ಮೂಲೆಗಲ್ಲು ಎಂದು ಬಾಬಾಸಾಹೇಬರು ಹೇಳಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಜಾತಿ ಈ ಪಟ್ಟಿಯನ್ನು ಹರಿದು ಎರಡು ಮಾಡಿತು. ತಿಳಿದವನು ಮುಟ್ಟಲಿಲ್ಲ, ಮುಟ್ಟಿದವನಿಗೆ ತಿಳಿಯಲು ಬಿಡಲಿಲ್ಲ. ಬುದ್ಧರು ಔಷಧಿಯನ್ನೂ ಮಲದ ಪಾತ್ರೆಯನ್ನೂ ಒಂದೇ ಕೈಗೆ ಕೊಟ್ಟರು.

ಐಸಿಯುನಲ್ಲಿ ಆ ನಾಲ್ಕು ಪದಾರ್ಥಗಳೇ ನರ್ಸ್ ಓದುವ ಪುಸ್ತಕ. ಗಂಟೆಗೊಮ್ಮೆ ಮೂತ್ರ ಅಳೆಯುತ್ತಾರೆ. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾಗುತ್ತಾ ಹೋದರೆ ಕಿಡ್ನಿ ಸೋಲುತ್ತಿದೆಯೇ ಎಂದು ನೋಡಬೇಕು. ಕಫದ ಬಣ್ಣ ತಿರುಗಿದರೆ ಶ್ವಾಸಕೋಶಕ್ಕೆ ಸೋಂಕು ತಗುಲಿರಬಹುದು. ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾಗಿದ್ದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಬಾಯಲ್ಲಿ ಕೊಳವೆ ಇರುವ ರೋಗಿ ತನಗೇನಾಗುತ್ತಿದೆ ಎಂದು ಹೇಳಲಾರ. ಅವನ ಪರವಾಗಿ ಮೈಯೇ ಮಾತಾಡುತ್ತದೆ.

ಇದನ್ನೆಲ್ಲ ಹೇಳೋಣ ಎಂದು ಅವಳಿಗೆ ಫೋನ್ ಮಾಡಿದೆ. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, "ಸರ್, ಮೊನ್ನೆ ರಾತ್ರಿ ಹಾಗೇ ಆಯ್ತು" ಎಂದಳು. ಬೆಳಗಿನ ಜಾವ ಒಬ್ಬ ರೋಗಿಗೆ ಕಪ್ಪು ಮಲ ಹೋಗಿತ್ತು. ಅವಳು ಕೂಡಲೇ ಡಾಕ್ಟರಿಗೆ ತಿಳಿಸಿದಳು, ರಕ್ತ ಕೊಟ್ಟರು, ರೋಗಿ ಉಳಿದರು. ಬೆಳಿಗ್ಗೆ ಡಾಕ್ಟರ್ ಎಲ್ಲರೆದುರು ಅವಳನ್ನು ಮೆಚ್ಚಿಕೊಂಡರು.

"ಆದ್ರೆ ಸರ್, ಮೊದಲು ನೋಡಿದ್ದು ನಾನಲ್ಲ. ನಾನು ಇನ್ನೊಂದು ಬೆಡ್ ಹತ್ರ ಇದ್ದೆ. ಗುತ್ತಿಗೆ ಮೇಲಿರೋ ಆಯಾ ಅಕ್ಕ ಬಂದು, ಸಿಸ್ಟರ್, ಇವತ್ತು ಬಣ್ಣ ಬೇರೆ ಥರ ಇದೆ, ಬಂದು ನೋಡಿ ಅಂದ್ರು. ಚಾರ್ಟಲ್ಲಿ ನನ್ನ ಹೆಸರಿದೆ. ಅವರದ್ದು ಎಲ್ಲೂ ಇಲ್ಲ."

ಈಗ ನನ್ನ ಬಾಯಿ ಕಟ್ಟಿತು. ಆ ಅಕ್ಕ ಎಷ್ಟೋ ವರ್ಷದಿಂದ ಅದೇ ವಾರ್ಡಿನಲ್ಲಿದ್ದಾರೆ. ತಿಳಿವಳಿಕೆ ಇದೆ, ಬರೆದಿಡುವ ಹಕ್ಕಿಲ್ಲ. ನಮ್ಮ ಹುಡುಗಿ ಓದಿ ಒಂದು ಮೆಟ್ಟಿಲು ಮೇಲೆ ಹೋದಳು. ಮೆಟ್ಟಿಲು ಮಾತ್ರ ಹಾಗೇ ಇದೆ. ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಕರೆದದ್ದು ಇದನ್ನೇ. ಮೇಲೆ ಹೋದವರಿಗೆಲ್ಲ ಕೆಳಗೆ ನೋಡಲು ಒಬ್ಬರು ಸಿಗುತ್ತಾರೆ, ಅದರಿಂದಲೇ ಅದು ಬಾಳುತ್ತದೆ. "ನಾನು ನರ್ಸ್, ಆಯಾ ಅಲ್ಲ" ಎಂದು ಅವಳು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ. ಮರುದಿನದ ಪಾಳಿ ಒಪ್ಪಿಸುವಾಗ, ಮೊದಲು ಗಮನಿಸಿದ್ದು ಈ ಅಕ್ಕ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳಂತೆ.

ಮೈತ್ರಿಯ ಬಗ್ಗೆಯೂ ಒಂದು ಮಾತು. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬುದು ಒಪ್ಪಿತವಾದ ಅಳತೆ. ಕೆಲವು ದೇಶಗಳಲ್ಲಿ ಹೊಸಬರನ್ನು ಐಸಿಯುಗೆ ತೆಗೆದುಕೊಂಡರೆ ತಿಂಗಳುಗಟ್ಟಲೆ ಹಿರಿಯರ ಜೊತೆಗಿಟ್ಟು ಕಲಿಸುವ ರೆಸಿಡೆನ್ಸಿ ಪದ್ಧತಿ ಇದೆ. ನಮ್ಮ ಹುಡುಗಿಗೆ ಸಿಕ್ಕಿದ್ದು ಎರಡು ವಾರ. ಮೂರನೇ ವಾರಕ್ಕೆ ಇಬ್ಬರು ರೋಗಿಗಳು. ಲಾಭದ ಆಸೆ ಬೇಡ ಎಂಬ ಮಾತು ಆರೈಕೆ ಮಾಡುವವರ ಮನಸ್ಸಿಗೆ ಹೇಳಿದ್ದು. ಕಡಿಮೆ ಜನರಿಂದ ಹೆಚ್ಚು ದುಡಿಸುವವರು ಅದನ್ನು ತಮ್ಮ ಅನುಕೂಲಕ್ಕೆ ಬಳಸಬಾರದು. ಕಲಿಯಲು ಸಮಯ ಕೇಳುವುದು, ನ್ಯಾಯವಾದ ಸಂಬಳ ಕೇಳುವುದು ಮೈತ್ರಿಗೆ ವಿರುದ್ಧವಲ್ಲ.

ಹಾಗಾದರೆ ಅವಳ ಪ್ರಶ್ನೆಗೆ ಉತ್ತರವೇನು? ಮುಟ್ಟುವ ವಸ್ತು ಅದೇ. ಆದರೆ ಇದು ಅವಳೇ ಆರಿಸಿಕೊಂಡ ಕೆಲಸ, ಬೇಡವಾದರೆ ಬಿಡಬಹುದು. ಕಂಡದ್ದನ್ನು ಬರೆದರೆ ಓದುವವರಿದ್ದಾರೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಅವಳು ಗ್ಲೌಸ್ ಬದಲಿಸುತ್ತಾಳೆ. ಅವಳ ಅವ್ವ ಹರಿದ ಗ್ಲೌಸಿನಲ್ಲೇ ತಿಂಗಳು ದೂಡುತ್ತಾರೆ. ತಾಯಿಗೂ ಮಗಳಿಗೂ ಇರುವ ವ್ಯತ್ಯಾಸ ಹೊಲಸಿನಲ್ಲಿಲ್ಲ, ಇದರಲ್ಲಿದೆ. ಮಗಳಿಗೆ ಸಿಕ್ಕಿದ್ದು ತಾಯಿಗೂ ಆ ಆಯಾ ಅಕ್ಕನಿಗೂ ಸಿಗುವವರೆಗೆ ನಮ್ಮ ಕೆಲಸ ಮುಗಿದಿಲ್ಲ. ಈ ಉತ್ತರವನ್ನು ಅವಳಿಗೆ ಹೇಳಿದ್ದೇನೆ. ಈ ಸಲ ಅವಳು "ಸರಿ ಸರ್" ಅನ್ನಲಿಲ್ಲ. "ಅವ್ವನಿಗೂ ಹೇಳಿ ಸರ್" ಎಂದಳು.

ಇಂದು ಯೋಚಿಸೋಣ: ನಾವು ಓದಿ ಹತ್ತಿದ ಮೆಟ್ಟಿಲಿನ ಕೆಳಗೆ ಈಗ ಯಾರು ನಿಂತಿದ್ದಾರೆ? ಅವರ ಹೆಸರು ನಮಗೆ ಗೊತ್ತೇ?

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್.