ಉಳಿದ ಪೆಟ್ರೋಲ್ ಯಾರದ್ದು?

ಹೈಬ್ರಿಡ್ ಕಾರು ಇಟ್ಟುಕೊಂಡವರಿಗೆ ಒಂದು ಚಟ ತಾನಾಗಿಯೇ ಅಂಟಿಕೊಳ್ಳುತ್ತೆ. ಮೈಲೇಜ್ ನೋಡೋ ಚಟ. ಸಿಗ್ನಲ್ಲಿಗೆ ಬಂದು ನಿಂತ ಕೂಡಲೇ ಕಣ್ಣು ಡ್ಯಾಶ್‌ಬೋರ್ಡಿಗೆ ಹೋಗುತ್ತೆ. ನಿನ್ನೆ 21.8 ಇತ್ತು, ಇವತ್ತು 23.4 ಬಂತು! ಗಾಡಿ ನಿಲ್ಲಿಸಿದ ಮೇಲೆ ನೂರಕ್ಕೆ ಇಷ್ಟು ಅಂತ ಅಂಕ ಬೇರೆ ಕೊಡುತ್ತೆ. ಎಸ್ಸೆಸ್ಸೆಲ್ಸಿ ಮುಗಿದು ಎಷ್ಟೋ ವರ್ಷ ಆದ ಮೇಲೂ ಯಾರಾದ್ರೂ ಅಂಕ ಕೊಟ್ಟರೆ ಖುಷಿಯಾಗೋ ಜಾತಿ ನಮ್ಮದು. 86 ಬಂದ ದಿನ ಲಿಫ್ಟಿನಲ್ಲಿ ಹೋಗೋವಾಗ ಏನೋ ಒಂದು ಒಳ್ಳೆ ಕೆಲಸ ಮಾಡಿ ಬಂದೆ ಅನ್ನಿಸುತ್ತೆ.

ಈ 'ಒಳ್ಳೆ ಕೆಲಸ' ಅನ್ನೋದರ ಬಗ್ಗೆಯೇ ನನಗೆ ತಕರಾರು ಇರೋದು. ಕಾರಿನ ಬಗ್ಗೆ ಅಲ್ಲ. ಕಾರು ಚೆನ್ನಾಗಿದೆ.

ಮೊದಲು ಗಾಡಿ ಕೆಲಸ ಮಾಡೋ ಬಗೆ ಹೇಳಿಬಿಡ್ತೀನಿ, ಯಾಕಂದ್ರೆ ಅಪಾರ್ಟ್‌ಮೆಂಟಿನಲ್ಲೂ ಊರಿನಲ್ಲೂ ಜನ ಕೇಳೋ ಮೊದಲ ಪ್ರಶ್ನೆ ಒಂದೇ: "ಚಾರ್ಜ್ ಎಲ್ಲಿ ಮಾಡ್ತೀರಿ?" ಎಲ್ಲೂ ಮಾಡಲ್ಲ. ನನ್ನದು ಪ್ಲಗ್ ಇಲ್ಲದ ಹೈಬ್ರಿಡ್. ಪೆಟ್ರೋಲ್ ಎಂಜಿನ್ ಇದೆ, ಜೊತೆಗೆ ಮೋಟಾರ್ ಇದೆ, ಪುಟ್ಟದೊಂದು ಬ್ಯಾಟರಿ ಇದೆ. ನಿಧಾನಕ್ಕೆ ಹೋಗೋವಾಗ ಮೋಟಾರ್ ಓಡಿಸುತ್ತೆ, ಜೋರಾಗಿ ಹೋಗೋವಾಗ ಎಂಜಿನ್ ಸೇರಿಕೊಳ್ಳುತ್ತೆ. ಬ್ರೇಕ್ ಒತ್ತಿದಾಗ ಬರೀ ಬಿಸಿಯಾಗಿ ಹಾಳಾಗಬೇಕಿದ್ದ ಶಕ್ತಿಯಲ್ಲಿ ಒಂದಷ್ಟನ್ನು ಮೋಟಾರ್ ಹಿಡಿದು ಬ್ಯಾಟರಿಗೆ ಕಳಿಸುತ್ತೆ. ಅದಕ್ಕೇ ಈ ಗಾಡಿಗಳು ಹೈವೇಗಿಂತ ಸಿಟಿ ಟ್ರಾಫಿಕ್ಕಿನಲ್ಲೇ ತಮ್ಮ ಕೈಚಳಕ ತೋರಿಸೋದು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಬಂದಾಗಿನಿಂದ ಮೂಲ ಉಪಾಯ ಇದೇ. ಈಗ ಈ ಥರದ ಗಾಡಿಗಳು ನಮ್ಮ ಬಿಡದಿಯಲ್ಲೇ ತಯಾರಾಗ್ತಾವೆ. ನನ್ನದೂ ಅಲ್ಲಿಂದಲೇ ಬಂದದ್ದು.

ಡ್ಯಾಶ್‌ಬೋರ್ಡ್ ಇನ್ನೊಂದು ಮಾತು ಹೇಳುತ್ತೆ: ಇವತ್ತಿನ ಪ್ರಯಾಣದಲ್ಲಿ ಶೇಕಡಾ 60 ಭಾಗ ಇವಿ ಮೋಡ್‌ನಲ್ಲಿ ಹೋದ್ರಿ ಅಂತ. ಓದಿದಾಗ ಆ 60 ಭಾಗ ಪುಕ್ಕಟೆ ಅನ್ನಿಸುತ್ತೆ. ಆದರೆ ಆ ಬ್ಯಾಟರಿಗೆ ಬಂದ ಕರೆಂಟ್ ಎಲ್ಲಿಂದ ಬಂತು? ಎಂಜಿನ್ನಿನಿಂದ, ಇಲ್ಲಾ ಬ್ರೇಕಿನಿಂದ. ಬ್ರೇಕ್ ಹಾಕೋಕೆ ಮುಂಚೆ ಗಾಡಿಗೆ ವೇಗ ಕೊಟ್ಟದ್ದು ಯಾರು? ಅದೇ ಪೆಟ್ರೋಲು. ಹಾಲು, ಮೊಸರು, ಬೆಣ್ಣೆ, ತುಪ್ಪ ಅಂತ ಹೆಸರು ನಾಲ್ಕಿದ್ದರೂ ಹಸು ಒಂದೇ. ಹಾಗೇ, ಸದ್ದಿಲ್ಲದೆ ಹೋದ ಕಿಲೋಮೀಟರೂ ಪೆಟ್ರೋಲ್ ಕಿಲೋಮೀಟರೇ. ಕಮ್ಮಿ ಪೆಟ್ರೋಲಿನದು, ಅಷ್ಟೇ.

ಇನ್ನು ಲೆಕ್ಕ. ನನ್ನ ಹಳೇ ಕಾರು ಎಲ್ಲಾ ಸೇರಿ ಸರಾಸರಿ ಲೀಟರಿಗೆ 14 ಕಿ.ಮೀ. ಕೊಡ್ತಿತ್ತು. ಆಗ ತಿಂಗಳಿಗೆ ಸುಮಾರು 900 ಕಿ.ಮೀ. ಓಡಿಸ್ತಿದ್ದೆ. ಅಂದರೆ 64 ಲೀಟರ್. ಈಗಿನದು 22 ಕೊಡುತ್ತೆ. ಅದೇ 900ಕ್ಕೆ 41 ಲೀಟರ್ ಸಾಕು. ತಿಂಗಳಿಗೆ 23 ಲೀಟರ್ ಉಳಿತಾಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರತ್ತಿರ 2.3 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತೆ. ಅಂದರೆ 50 ಕೆಜಿಗಿಂತ ಹೆಚ್ಚು ಹೊಗೆ ಉಳೀತು. ಪೇಪರ್ ಮೇಲೆ ಬಹಳ ಚೆಂದ.

ಆದರೆ ಈಗ ನಾನು ಓಡಿಸ್ತಿರೋದು ತಿಂಗಳಿಗೆ 1,400 ಕಿ.ಮೀ. ಅದನ್ನು 22ರಿಂದ ಭಾಗಿಸಿ ನೋಡಿ. 64 ಲೀಟರ್. ಹಳೇ ಲೆಕ್ಕಕ್ಕೆ ಸರಿಯಾಗಿ ಬಂದು ನಿಂತಿತು. ಮೈಲೇಜ್ ಏರಿದೆ, ಅಂಕ ಏರಿದೆ, ಪೆಟ್ರೋಲ್ ಅಷ್ಟೇ ಇದೆ.

ಇದನ್ನು ಮೊದಲು ಗಮನಿಸಿದವನು ನಾನೇನಲ್ಲ. 1865ರಲ್ಲೇ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಅನ್ನೋ ಅರ್ಥಶಾಸ್ತ್ರಜ್ಞ ಇಂಗ್ಲೆಂಡಿನ ಕಲ್ಲಿದ್ದಲಿನ ಬಗ್ಗೆ ಪುಸ್ತಕ ಬರೆದ. ನ್ಯೂಕೊಮೆನ್‌ನ ಹಳೇ ಉಗಿಯಂತ್ರಕ್ಕಿಂತ ಜೇಮ್ಸ್ ವ್ಯಾಟ್‌ನ ಯಂತ್ರ ಅದೇ ಕೆಲಸಕ್ಕೆ ಎಷ್ಟೋ ಕಮ್ಮಿ ಕಲ್ಲಿದ್ದಲು ತಿಂತಿತ್ತು. ಹಾಗಾದ್ರೆ ದೇಶದ ಕಲ್ಲಿದ್ದಲು ಉಳೀಬೇಕಿತ್ತು ತಾನೇ? ಆಗಿದ್ದು ಉಲ್ಟಾ. ಉಗಿಯಂತ್ರ ಅಗ್ಗವಾಗಿ ಓಡತೊಡಗಿತು ಅಂತ ಎಲ್ಲಾ ಕಡೆ ಉಗಿಯಂತ್ರ ಬಂತು, ಒಟ್ಟು ಕಲ್ಲಿದ್ದಲು ಬಳಕೆ ಏರಿತು. ಕಾರುಗಳ ವಿಷಯದಲ್ಲಿ ಸಾಮಾನ್ಯವಾಗಿ ಇಷ್ಟು ಕೆಟ್ಟದಾಗಲ್ಲ, ಉಳಿತಾಯದ ಒಂದು ಭಾಗ ಮಾತ್ರ ಹೀಗೆ ಕರಗುತ್ತೆ ಅಂತ ಬಹುಪಾಲು ಅರ್ಥಶಾಸ್ತ್ರಜ್ಞರು ಹೇಳ್ತಾರೆ. ನನ್ನ ಲೆಕ್ಕದಲ್ಲಿ ಪೂರ್ತಿ ಕರಗಿದೆ.

ನಿಜ ಹೇಳಬೇಕಂದ್ರೆ ಈ ವಿದ್ಯೆ ಕಲಿಯೋಕೆ ನನಗೆ ಜೆವನ್ಸ್ ಬೇಕಿರಲಿಲ್ಲ. ನಮ್ಮೂರು ಚನ್ನಗಿರಿ ತಾಲ್ಲೂಕು, ಅಡಿಕೆ ಸೀಮೆ. ನಮ್ಮ ಜಮೀನಿಗೆ ನಾಲೆ ನೀರು ಹತ್ತಲ್ಲ, ಬೋರೇ ಗತಿ. ಮೊದಲು ತೋಟಕ್ಕೆ ಕಾಲುವೆ ಮಾಡಿ ನೀರು ಬಿಡ್ತಿದ್ದರು. ಆಮೇಲೆ ಡ್ರಿಪ್ ಬಂತು. ಗಿಡದ ಬುಡಕ್ಕೇ ತೊಟ್ಟು ತೊಟ್ಟಾಗಿ ನೀರು, ಒಂದು ಹನಿ ಪೋಲಾಗಲ್ಲ. ಒಂದೆಕರೆಗೆ ಬಿಡ್ತಿದ್ದ ನೀರು ಎರಡೆಕರೆಗೆ ಸಾಕಾಗತೊಡಗಿತು. ಅಪ್ಪ ಏನು ಮಾಡಿದರು? ಮೆಕ್ಕೆಜೋಳ ಬೆಳೀತಿದ್ದ ಹೊಲಕ್ಕೂ ಅಡಿಕೆ ಸಸಿ ಇಟ್ಟರು. ಊರಲ್ಲಿ ಎಲ್ಲರೂ ಅದನ್ನೇ ಮಾಡಿದರು. ಬೋರಿಗೆ ಎಕರೆ ಲೆಕ್ಕ ಗೊತ್ತಿಲ್ಲ, 'ಗಿಡಕ್ಕೆ ಎಷ್ಟು ಉಳೀತು' ಅನ್ನೋ ಲೆಕ್ಕವೂ ಗೊತ್ತಿಲ್ಲ. ದಿನಕ್ಕೆ ಎಷ್ಟು ನೀರು ಮೇಲೆ ಬಂತು ಅನ್ನೋದು ಮಾತ್ರ ಗೊತ್ತು. ನೀರು ಕೆಳಗೆ ಇಳೀತಾನೇ ಹೋಯ್ತು. ಒಂದು ಬೇಸಿಗೆಯಲ್ಲಿ ನಮ್ಮ ಪಕ್ಕದ ತೋಟದವರ ಬೋರು ನಿಂತಿತು. ನಮ್ಮದು ಅವರದಕ್ಕಿಂತ ಆಳ ಇತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು 'ದುರಾಸೆ ಬೇಡ' ಅನ್ನೋ ನೀತಿಕಥೆ ಆಗ್ತಿತ್ತು. ಆದರೆ ಆ ಹೊಸ ತೋಟ ಫಸಲಿಗೆ ಬಂದ ದುಡ್ಡಿನಲ್ಲೇ ನಾನು ಬಿಇ ಮುಗಿಸಿದ್ದು. ಕಾಲೇಜ್ ಫೀಸು, ಹಾಸ್ಟೆಲ್ ಬಿಲ್ಲು, ಮೊದಲ ಲ್ಯಾಪ್‌ಟಾಪು, ಎಲ್ಲಾ ಆ 'ಉಳಿದ ನೀರಿನದ್ದೇ'. ಆ ನೀರನ್ನು ಪೋಲು ಅನ್ನೋಕೆ ನನಗೆ ಬಾಯಿ ಬರಲ್ಲ. ನಾನೇ ಅದರ ಫಸಲು. ಪಕ್ಕದ ತೋಟದವರ ಮುಖ ನೆನಪಾದರೆ, ಅದು ಪೂರ್ತಿ ನಮ್ಮದೇ ನೀರಾಗಿತ್ತು ಅನ್ನೋಕೂ ಬಾಯಿ ಬರಲ್ಲ.

ಹಾಗಾಗಿ ಪ್ರಶ್ನೆ ಇಷ್ಟು. ಒಂದು ವಸ್ತುವನ್ನು ಜಾಣತನದಿಂದ ಬಳಸಿ ಉಳಿಸಿದೆವು ಅನ್ನಿ. ಆ ಉಳಿದದ್ದು ಯಾರದ್ದು? ಉಳಿಸಿದವನದ್ದೇ? ಉಳಿಸಿದ್ದಕ್ಕೆ ಕೂಲಿ ಅಂತ ಅದನ್ನೇ ತಗೋಬಹುದೇ?

ನನ್ನ ಹೆಚ್ಚುವರಿ 500 ಕಿಲೋಮೀಟರನ್ನು ಬಿಡಿಸಿ ನೋಡಿದೆ. ಮೊದಲು ಎರಡು ತಿಂಗಳಿಗೊಮ್ಮೆ ಊರಿಗೆ ಹೋಗ್ತಿದ್ದವನು ಈಗ ಪ್ರತಿ ತಿಂಗಳು ಹೋಗ್ತೀನಿ. ಹೋಗಿ ಬರೋಕೆ ಸುಮಾರು 500, ತಿಂಗಳಿಗೆ ಹಂಚಿದರೆ 250 ಹೆಚ್ಚು. ಮೊದಲು ಮೆಟ್ರೋದಲ್ಲಿ ಆಫೀಸಿಗೆ ಹೋಗ್ತಿದ್ದ ಕೆಲವು ದಿನ ಈಗ ಕಾರಲ್ಲಿ ಹೋಗ್ತೀನಿ, ಅದೊಂದು 150. ಇನ್ನುಳಿದ 100 ಭಾನುವಾರದ್ದು. ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರೋದು, ಅಂಥದ್ದು. ಕಾರನ್ನು ತವರು ಮನೆಗೆ ಕರ್ಕೊಂಡು ಹೋದ ಹಾಗೂ ಆಯ್ತು ಅಂತ ಹೆಂಡತಿ ಹೇಳ್ತಾಳೆ.

ಇವನ್ನು ತೂಗೋದು ಹೇಗೆ? ಮೊದಲು ನನಗೆ ಹೊಳೆದ ಪರೀಕ್ಷೆ ಇದು: ಹಳೇ ಕಾರಿನ ಖರ್ಚೇ ಈಗಲೂ ಇದ್ದಿದ್ದರೆ ಈ ಪ್ರಯಾಣ ಮಾಡ್ತಿದ್ದೆನಾ? ಹೌದು ಅಂದ್ರೆ ಸರಿ. ಇಲ್ಲ ಅಂದ್ರೆ ನಾನು ಕಾರು ಓಡಿಸ್ತಿಲ್ಲ, ಮೈಲೇಜ್ ನನ್ನನ್ನು ಓಡಿಸ್ತಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಈ ಪರೀಕ್ಷೆಯಲ್ಲಿ ಮೊದಲು ಫೇಲಾಗೋದು ಅಮ್ಮನನ್ನು ನೋಡೋಕೆ ಹೋಗೋ ಪ್ರಯಾಣ. ಯಾಕಂದ್ರೆ ಆಗ ಖರ್ಚಿನ ಮುಖ ನೋಡಿಯೇ ಎರಡು ತಿಂಗಳಿಗೊಮ್ಮೆ ಅಂತ ಇಟ್ಟುಕೊಂಡದ್ದು. ತಾಯಿಯನ್ನು ನೋಡೋದನ್ನು ಪೋಲು ಅಂತ ತೋರಿಸೋ ಪರೀಕ್ಷೆಯಲ್ಲೇ ಏನೋ ದೋಷ ಇದೆ.

ಇದಕ್ಕಿಂತ ಒಳ್ಳೆ ಪರೀಕ್ಷೆ ಅಮ್ಮನ ಅಡುಗೆಮನೆಯದ್ದೇ. ರಾತ್ರಿ ಪಾತ್ರೆಯಲ್ಲಿ ಅನ್ನ ಉಳಿದಿದೆ ಅನ್ನಿ. ಹಸಿದು ಬಂದವರು ಯಾರಾದರೂ ಇದ್ದರೆ ಬಡಿಸ್ತಾರೆ. ಇಲ್ಲಾಂದ್ರೆ ಬೆಳಿಗ್ಗೆ ಚಿತ್ರಾನ್ನ ಆಗುತ್ತೆ. ಅನ್ನ ಉಳೀತು ಅಂತ ಹಸಿವಿಲ್ಲದೆ ಮತ್ತೆ ಎಲೆ ಹಾಕ್ಕೊಂಡು ಕೂರೋರು ಯಾರೂ ಇಲ್ಲ. ಅಂದರೆ ಕೇಳಬೇಕಾದ್ದು 'ಅಗ್ಗ ಆಗಿದ್ದಕ್ಕೆ ಹೋದೆಯಾ' ಅಂತಲ್ಲ, 'ಹಸಿವು ಮೊದಲೇ ಇತ್ತಾ' ಅಂತ. ಊರಿಗೆ ಹೋಗೋ ಹಸಿವು ಯಾವತ್ತಿನಿಂದಲೋ ಇತ್ತು, ಈಗ ಬಡಿಸೋಕೆ ಅನ್ನ ಸಿಕ್ಕಿತು. ಅಪ್ಪನಿಗೆ ಮಗನ ಫೀಸಿನ ಹಸಿವು ಇತ್ತು. ಬಿಡದಿ ಇಡ್ಲಿಯನ್ನೂ ಯಾವಾಗಲೋ ಒಮ್ಮೆ ಹಸಿವು ಅಂತಲೇ ಒಪ್ಪೋಣ, ಮನುಷ್ಯನಿಗೆ ಸಂತೋಷವೂ ಬೇಕಲ್ಲ. ಆದರೆ ಮೆಟ್ರೋ ಬಿಟ್ಟು ಕಾರು ತೆಗೆದ ದಿನಗಳು? ಅಲ್ಲಿ ಹಸಿವು ಇರಲಿಲ್ಲ. ಬರೀ ಅನ್ನ ಉಳಿದಿತ್ತು.

ಆ ದಿನಗಳ ಬಗ್ಗೆ ಇನ್ನೊಂದು ಮಾತಿದೆ. ಸಿಲ್ಕ್ ಬೋರ್ಡಿನಲ್ಲಿ ಹಳೇ ಕಾರಿನಲ್ಲಿ ಸಿಕ್ಕಿಹಾಕಿಕೊಂಡರೆ ಕ್ಲಚ್ ತುಳಿದು ತುಳಿದು ಕಾಲು ಬಿದ್ದುಹೋಗ್ತಿತ್ತು, ಎಂಜಿನ್ ನಿಂತಲ್ಲೇ ಪೆಟ್ರೋಲ್ ಕುಡೀತಿತ್ತು. ಆ ಸಂಕಟಕ್ಕೇ ಎಷ್ಟೋ ಜನ ಮೆಟ್ರೋ ಹತ್ತಿದ್ದು. ಹೈಬ್ರಿಡ್‌ನಲ್ಲಿ ಜಾಮ್ ಅನ್ನೋದೇ ಗೊತ್ತಾಗಲ್ಲ. ಬಹಳ ಹೊತ್ತು ಎಂಜಿನ್ ಆಫ್, ಎಸಿ ಆನ್, ಹಾಡು ಬರ್ತಿರುತ್ತೆ, ಮೈಲೇಜೂ ಬೀಳಲ್ಲ. ಆದರೆ ನೋವು ಹೋಯ್ತು ಅಂದ್ರೆ ರೋಗ ಹೋಯ್ತು ಅಂತಲ್ಲ. ರಸ್ತೆಯಲ್ಲಿ ನನ್ನ ಕಾರು ಹಿಡಿದಿರೋ ಜಾಗ ಒಂದಿಂಚೂ ಕಮ್ಮಿ ಆಗಿಲ್ಲ. ನನ್ನ ಹಿಂದೆ ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೆ ನನ್ನ 23.4ರಿಂದ ಏನೂ ಸಿಕ್ಕಿಲ್ಲ. ಜಾಮ್‌ಗೆ ನಾನೂ ಒಬ್ಬ ಕಾರಣ. ಅದರ ನೋವು ಮಾತ್ರ ಈಗ ನನ್ನ ಪಾಲಿಗಿಲ್ಲ.

ಇನ್ನೊಂದು ಸಣ್ಣ ಲೆಕ್ಕ ಮಾಡಿ. ಲೀಟರಿಗೆ 14 ಕೊಡೋ ಹಳೇ ಕಾರಿನಲ್ಲಿ ನಾಲ್ಕು ಜನ ಹೋದರೆ, ಒಂದು ಲೀಟರಿನಲ್ಲಿ ನಾಲ್ಕು ಜನರೂ 14 ಕಿ.ಮೀ. ಹೋದಂಗೆ, ಒಟ್ಟು 56. ಲೀಟರಿಗೆ 22 ಕೊಡೋ ಹೈಬ್ರಿಡ್‌ನಲ್ಲಿ ಒಬ್ಬನೇ ಹೋದರೆ 22. ಅಷ್ಟೆಲ್ಲಾ ಎಂಜಿನಿಯರಿಂಗ್ ಮಾಡಿ ಕೊಟ್ಟ ಲಾಭಕ್ಕಿಂತ ಪಕ್ಕದ ಮೂರು ಸೀಟು ತುಂಬೋದರ ಲಾಭವೇ ದೊಡ್ಡದು. ತಮಾಷೆ ಅಂದ್ರೆ, ಪಕ್ಕದ ಸೀಟಿನಲ್ಲಿ ಯಾರಾದ್ರೂ ಇದ್ದಾರಾ ಅನ್ನೋದು ಕಾರಿಗೆ ಗೊತ್ತು. ಬೆಲ್ಟ್ ಹಾಕದಿದ್ದರೆ ಕಿರುಚುತ್ತೆ. ಆದರೆ ಅಂಕ ಕೊಡೋವಾಗ ಅದನ್ನು ಲೆಕ್ಕಕ್ಕೆ ತಗೊಳಲ್ಲ. ಸಾಫ್ಟ್‌ವೇರಿನವರಿಗೆ ಇದು ಹೊಸದಲ್ಲ. ಅಳೆಯೋಕೆ ಸುಲಭವಾದದ್ದನ್ನು ಡ್ಯಾಶ್‌ಬೋರ್ಡಿಗೆ ಹಾಕ್ತೀವಿ, ಡ್ಯಾಶ್‌ಬೋರ್ಡಿನಲ್ಲಿ ಇರೋದನ್ನೇ ಗುರಿ ಅಂದ್ಕೊಳ್ತೀವಿ.

'ಉಳಿದದ್ದು ಯಾರದ್ದು' ಅನ್ನೋದಕ್ಕೆ ನಮ್ಮ ನಾಡಿನಲ್ಲಿ 12ನೇ ಶತಮಾನದ ಶರಣರೇ ಒಂದು ಉತ್ತರ ಕೊಟ್ಟಿದ್ದಾರೆ. ಕಾಯಕ ಅಂದರು, ಅದರ ಜೊತೆಗೇ ದಾಸೋಹ ಅಂದರು. ದುಡಿಮೆ ನಿನ್ನದು, ನಿನಗೆ ಬೇಕಾದಷ್ಟು ಆದ ಮೇಲೆ ಮಿಕ್ಕಿದ್ದು ಹಂಚೋಕೆ. ಜಾಣತನದ ಎಂಜಿನ್ ಒಂದು ಕಾಯಕ ಅನ್ನಿ, ಅದನ್ನು ಮಾಡಿದವರು ಬಿಡದಿಯ ಕಾರ್ಮಿಕರು, ಜಪಾನಿನ ಎಂಜಿನಿಯರುಗಳು. ನಾನು ದುಡ್ಡು ಕೊಟ್ಟೆ, ಅಷ್ಟೇ. ನನ್ನ ಪಾಲಿನ ನೈತಿಕತೆ ಶುರುವಾಗೋದು ಮಿಕ್ಕಿದ್ದನ್ನು ಏನು ಮಾಡ್ತೀನಿ ಅನ್ನೋದರಲ್ಲಿ.

ಗೆಳೆಯರು ಕೇಳ್ತಾರೆ: "ಮಾರಾಯಾ, ನಿನ್ನೊಬ್ಬನ 23 ಲೀಟರಿನಿಂದ ಭೂಮಿ ತಣ್ಣಗಾಗುತ್ತಾ?" ಇಲ್ಲ. ನಮ್ಮಪ್ಪನ ಒಬ್ಬರ ಡ್ರಿಪ್ಪಿನಿಂದಲೂ ಅಂತರ್ಜಲ ಬತ್ತಲಿಲ್ಲ. ಊರಲ್ಲಿ ಪ್ರತಿಯೊಬ್ಬರೂ 'ನನ್ನೊಬ್ಬನಿಂದ ಏನು' ಅಂದದ್ದರಿಂದ ಬತ್ತಿತು. "ಹಾಗಾದ್ರೆ ಎಲೆಕ್ಟ್ರಿಕ್ ತಗೋ" ಅಂತಾರೆ. ತಗೋಬಹುದು, ಹೊಗೆ ಇನ್ನೂ ಕಮ್ಮಿ ಆಗುತ್ತೆ. ಆದರೆ ಅಲ್ಲಿ ಕಿಲೋಮೀಟರ್ ಇನ್ನೂ ಅಗ್ಗ. ಈ ಪ್ರಶ್ನೆ ಅಲ್ಲಿಗೂ ಹಿಂದೆಯೇ ಬರುತ್ತೆ.

ಸದ್ಯಕ್ಕೆ ನನ್ನ ಲೆಕ್ಕ ಹೀಗಿದೆ. ಉಳಿದ 23 ಲೀಟರಿನಲ್ಲಿ 11 ಲೀಟರ್ ಊರಿಗೆ. ಅದು ನನ್ನ ಹಸಿವಿನ ಪಾಲು, ಅದಕ್ಕೆ ಸಂಕೋಚ ಇಲ್ಲ. ಆ ಕಡೆಗೆ ಹೋಗೋ ಹುಡುಗರು ಇಬ್ಬರು ಮೂವರು ಇದ್ದಾರೆ, ಯಾರಿಗೆ ಸಾಧ್ಯವೋ ಅವರು ಜೊತೆಗೆ ಬರ್ತಾರೆ, ದುಡ್ಡಿನ ಮಾತಿಲ್ಲ. ಮಿಕ್ಕ 12 ಲೀಟರ್ ನನ್ನದಲ್ಲ. ಅದು ಬಂಕಿನಲ್ಲೇ ಇರಲಿ. ಆಫೀಸಿಗೆ ಮೆಟ್ರೋ ಇದೆ. ಇಡ್ಲಿ ತಿನ್ನಬೇಕು ಅನ್ನಿಸಿದ ದಿನ ಆ 12ರಿಂದ ಸಾಲ ಅಂತ ಹೆಂಡತಿ ಲೆಕ್ಕ ಇಡ್ತಾಳೆ. ಡ್ಯಾಶ್‌ಬೋರ್ಡ್ ಕೊಡೋ ಅಂಕ ನೋಡೋದು ಬಿಟ್ಟಿಲ್ಲ, ಆದರೆ ತಿಂಗಳ ಕೊನೆಗೆ ಬಂಕಿನ ಬಿಲ್ಲುಗಳನ್ನು ಕೂಡಿ ಲೀಟರ್ ಎಷ್ಟಾಯ್ತು ಅಂತ ನೋಡ್ತೀನಿ. ಆಕಾಶಕ್ಕೆ ಮೈಲೇಜ್ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಲೀಟರ್ ಮಾತ್ರ.

ಅಪ್ಪನನ್ನೂ ನನ್ನನ್ನೂ ಒಂದೇ ತಕ್ಕಡಿಯಲ್ಲಿ ಹಾಕೋಕೆ ನನಗೆ ಇಷ್ಟ ಇಲ್ಲ. ಉಳಿದ ನೀರಿಗೆ ಸಸಿ ಇಡದೆ ಅವರಿಗೆ ಬೇರೆ ದಾರಿ ಇರಲಿಲ್ಲ, ಎದುರಿಗೆ ಫೀಸಿನ ಚೀಟಿ ಇತ್ತು. ನನ್ನ ಎದುರಿಗೆ ಅಂಥ ಚೀಟಿ ಇಲ್ಲ. ಅವರು ಬೇರೆ ದಾರಿಯಿಲ್ಲದೆ ಬಳಸಿದ ನೀರಿನಿಂದಲೇ ನನಗೆ ಈಗ ಆಯ್ಕೆ ಅನ್ನೋದು ಬಂದಿರೋದು. ಆ ಆಯ್ಕೆ ಇರೋವಾಗಲೂ ಪಕ್ಕದವರ ಬೋರಿನ ಬಗ್ಗೆ ಯೋಚಿಸದೇ ಇದ್ದರೆ, ಅಪ್ಪ ಕಟ್ಟಿದ ಫೀಸಿಗೆ ನಾನು ಓದಿದ್ದಾದರೂ ಏನು?