ವಾಯಿದೆಯ ದಿನವೂ ಕೆಲಸದ ದಿನವೂ



ನಾಳೆಯ ವಿಷಯದಲ್ಲಿ ಚಿಂತೆಮಾಡಬಾರದೆಂದು ನಮ್ಮ ಕರ್ತನು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಬೋಧಿಸಿದ್ದನ್ನು ನಮ್ಮ ಸಭೆಗಳಲ್ಲಿ ಅರಿಯದವರಿಲ್ಲ. ಹೀಗಿರಲಾಗಿ, ವಿಶ್ವಾಸಿಯಾದವನು ಬರುವ ತಿಂಗಳಿನ ಕೆಲಸಕ್ಕೆ ಈ ತಿಂಗಳಿನಲ್ಲಿಯೇ ದಿನ ಗೊತ್ತುಮಾಡುವುದು ಅವಿಶ್ವಾಸವಲ್ಲವೇ ಎಂದು ಕೆಲವರು ಕೇಳುವುದುಂಟು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಬಾರದು. ಆದರೆ ಗೋಪುರ ಕಟ್ಟಿಸಬೇಕೆನ್ನುವವನು ಮೊದಲು ಕೂತು ಖರ್ಚಿನ ಲೆಕ್ಕವನ್ನು ನೋಡಿಕೊಳ್ಳುವನೆಂಬ ಸಾಮ್ಯವನ್ನು ಹೇಳಿದವನೂ ಆ ಕರ್ತನೇ. ಆದಕಾರಣ ಚಿಂತೆ ಬೇರೆ, ಲೆಕ್ಕ ಬೇರೆ ಎಂದು ತಿಳಿಯಬೇಕು. ಇವೆರಡರ ಭೇದವನ್ನು ನಮ್ಮ ಸೀಮೆಯ ಕಸುಬುಗಳಿಂದಲೇ ವಿಚಾರಿಸೋಣ.

ಪ್ರತಿಯೊಂದು ಕೆಲಸಕ್ಕೂ ಎರಡು ದಿನಗಳುಂಟು. ಕೆಲಸವು ಮುಗಿದಿರಬೇಕಾದ ದಿನವು ಒಂದು; ಇದನ್ನು ವಾಯಿದೆಯ ದಿನವೆನ್ನೋಣ. ಕೈಯಿಟ್ಟು ಮಾಡಬೇಕಾದ ದಿನವು ಇನ್ನೊಂದು. ವಾಯಿದೆಯನ್ನು ಗೊತ್ತುಮಾಡುವವರು ಬಹುಮಟ್ಟಿಗೆ ನಾವಲ್ಲ. ಸಾಲ ಕೊಟ್ಟವನು, ಸರಕು ಕೊಳ್ಳುವವನು, ಮಳೆ, ಋತು, ಇವು ಗೊತ್ತುಮಾಡುತ್ತವೆ. ಕೆಲಸದ ದಿನವನ್ನಾದರೋ ದೇವರು ನಮ್ಮ ಕೈಗೆ ಕೊಟ್ಟಿದ್ದಾನೆ. ನಮ್ಮಲ್ಲಿ ಅನೇಕರು ಮೊದಲನೆಯ ದಿನವನ್ನು ಮಾತ್ರ ಮನಸ್ಸಿನಲ್ಲಿಟ್ಟು ಎರಡನೆಯದನ್ನು ಮರೆತುಬಿಡುತ್ತಾರೆ. ಕಷ್ಟವು ಹುಟ್ಟುವುದು ಅಲ್ಲಿಯೇ.

ರಾಮನಗರ, ಕನಕಪುರ ಕಡೆಯ ರೇಷ್ಮೆಯ ಬೇಸಾಯವನ್ನು ನೋಡಿರಿ. ಹುಳುವು ಮೊಟ್ಟೆಯೊಡೆದು ಬಂದ ಮೇಲೆ ನಾಲ್ಕು ಜ್ವರಗಳನ್ನು ದಾಟಿ, ಸುಮಾರು 25ರಿಂದ 28 ದಿನಗಳಲ್ಲಿ ಹಣ್ಣಾಗಿ ಚಂದ್ರಿಕೆಗೆ ಏರುತ್ತದೆ. ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಅದು ಕಡೆಯ ಒಂದು ವಾರದಲ್ಲಿಯೇ ತಿನ್ನುತ್ತದೆ. ಹಿಪ್ಪುನೇರಳೆಯ ತೋಟವಾದರೋ ಗಿಡ ಸವರಿದ ಮೇಲೆ ಸುಮಾರು 50 ದಿನಗಳು ಕಳೆಯದೆ ಆ ವಾರಕ್ಕೆ ತಕ್ಕ ಬಲಿತ ಸೊಪ್ಪನ್ನು ಕೊಡುವುದಿಲ್ಲ. ಹಾಗಾದರೆ ಹುಳುವು ಮನೆಗೆ ಬರುವ ಒಂದು ತಿಂಗಳಿಗೂ ಮುಂಚೆಯೇ ತೋಟದಲ್ಲಿ ಕುಡುಗೋಲು ಆಡಿರಬೇಕು. ಹುಳು ಸಾಕುವ ಮನೆಯನ್ನು ತೊಳೆದು ರೋಗ ನಿವಾರಿಸುವ ಕೆಲಸಕ್ಕೂ ಕೆಲವು ದಿನಗಳನ್ನು ಮೊದಲೇ ತೆಗೆದಿಟ್ಟಿರಬೇಕು. ಗೂಡಾದ ಮೇಲೆಯೂ ಬಿಡುವಿಲ್ಲ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆಯು ಅದನ್ನು ತೂತುಮಾಡಿಕೊಂಡು ಹೊರಗೆ ಬರುವುದು, ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ರಾಮನಗರದ ಮಾರುಕಟ್ಟೆಯು ಎಷ್ಟು ದೊಡ್ಡದಾಗಿದ್ದರೂ ತಡವಾಗಿ ಬಂದ ಗೂಡಿಗೆ ಬೆಲೆಯನ್ನು ಹುಟ್ಟಿಸಲಾರದು.

ಈ ಕಸುಬಿನಲ್ಲಿ ಬುದ್ಧಿಯುಳ್ಳವನು ಮಾರಾಟದ ದಿನದಿಂದ ಹಿಂದಕ್ಕೆ ಎಣಿಸುತ್ತಾನೆ. ಬುದ್ಧಿಯಿಲ್ಲದವನು ಹುಳುವು ಹಸಿದು ತಲೆಯೆತ್ತಿದಾಗ ಸೊಪ್ಪನ್ನು ಹುಡುಕುತ್ತಾನೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನಿಗೂ ಇವನಿಗೂ ಭೇದವೇನು?

ಚನ್ನಪಟ್ಟಣದ ಬೊಂಬೆಯವರೂ ಇದನ್ನೇ ಬಲ್ಲರು. ಅವರು ಕಡೆಯುವ ಆಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸದಿದ್ದರೆ ಬೊಂಬೆಯು ಬಿರುಕುಬಿಡುವುದು. ಅರಗಿನ ಬಣ್ಣವನ್ನು ಒಂದು ಗಳಿಗೆಯಲ್ಲಿ ಹಚ್ಚಬಹುದು. ಮರವು ಒಣಗಬೇಕಾದ ಕಾಲವನ್ನು ಯಾವ ಕೈಚಳಕದಿಂದಲೂ ಗಿಡ್ಡಮಾಡಲಾಗದು. ಮಾಗಡಿಯ ಹೊಲಗಳಲ್ಲಿಯೂ ಹಾಗೆಯೇ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಸೊಗಡಿನ ಅವರೆಕಾಯಿಯನ್ನು ಬಿಡಿಸಬೇಕೆನ್ನುವವನು ಮುಂಗಾರಿನಲ್ಲಿ ರಾಗಿ ಬಿತ್ತುವಾಗಲೇ ಅಕ್ಕಡಿ ಸಾಲಿನಲ್ಲಿ ಅವರೆಯನ್ನು ಹಾಕಿರಬೇಕು. ರಾಗಿಯನ್ನು ಕೊಯ್ದ ಮೇಲೆ ಅವರೆಯ ನೆನಪಾದರೆ ಫಲವೇನು?

ಇಲ್ಲಿ ನಮಗೇ ವಿಶೇಷವಾದ ಒಂದು ಅಪಾಯವುಂಟು. ನಮ್ಮ ಹಿರಿಯರು ಕ್ರಿಸ್ತನನ್ನು ಅಂಗೀಕರಿಸಿದಾಗ ರಾಹುಕಾಲ, ಗುಳಿಕಕಾಲ, ಒಳ್ಳೇ ಗಳಿಗೆ, ಕೆಟ್ಟ ಗಳಿಗೆ ಎಂಬ ಭಯಗಳಿಂದ ಬಿಡುಗಡೆ ಹೊಂದಿದರು. ಎಲ್ಲಾ ದಿನಗಳೂ ದೇವರವೇ ಎಂಬುದು ದೊಡ್ಡ ಸ್ವಾತಂತ್ರ್ಯ. ಆದರೆ ಎಲ್ಲಾ ದಿನಗಳೂ ದೇವರವೇ ಎಂಬ ಮಾತನ್ನು ಯಾವ ದಿನವಾದರೂ ಆದೀತು ಎಂದು ತಿರುಗಿಸಿಕೊಂಡರೆ ಸ್ವಾತಂತ್ರ್ಯವು ಸೋಮಾರಿತನಕ್ಕೆ ಮುಸುಕಾಗುತ್ತದೆ. ಮುಹೂರ್ತವನ್ನು ನೋಡುವ ನೆರೆಯವನು ಆ ನೆಪದಿಂದಲಾದರೂ ಕೆಲಸಕ್ಕೆ ಒಂದು ದಿನವನ್ನು ಗೊತ್ತುಮಾಡಿಕೊಳ್ಳುತ್ತಾನೆ. ಮುಹೂರ್ತವನ್ನು ಬಿಟ್ಟ ನಾವು ದಿನ ಗೊತ್ತುಮಾಡುವುದನ್ನೂ ಬಿಟ್ಟರೆ ಅವನಿಗಿಂತ ಹಿಂದೆ ಬಿದ್ದೆವಲ್ಲವೇ?

ಇದು ಬರೀ ಲಾಭನಷ್ಟದ ಮಾತಲ್ಲ, ಧರ್ಮದ ಮಾತು. ಯಾಕಂದರೆ ತಡಮಾಡಿದವನ ಭಾರವನ್ನು ಬಹಳ ಸಾರಿ ತಡಮಾಡಿದವನು ಹೊರುವುದಿಲ್ಲ. ಯಜಮಾನನು ಹೊತ್ತಿಗೆ ಗಿಡ ಸವರದಿದ್ದರೆ, ಕಡೆಯ ವಾರದಲ್ಲಿ ಹೆಂಡತಿಯು ನಡುರಾತ್ರಿಯ ತನಕ ಸೊಪ್ಪು ಹೊರಬೇಕಾಗುವುದು. ಮಗಳನ್ನು ಶಾಲೆ ಬಿಡಿಸಿ ತಟ್ಟೆಯ ಮುಂದೆ ನಿಲ್ಲಿಸಬೇಕಾಗುವುದು. ಬಡ್ಡಿಗೆ ಹಣ ತಂದು ಹೊರಗಿನ ಸೊಪ್ಪನ್ನು ಕೊಳ್ಳಬೇಕಾಗುವುದು. ಕರ್ತನ ದಿನದಲ್ಲಿ ಆರಾಧನೆಯ ಸ್ಥಳವು ಬರಿದಾಗುವುದು. ಹೀಗೆ ನಮ್ಮ ಒಂದು ಆಲಸ್ಯದ ದಿನವು ಇತರರ ನಿದ್ರೆಯನ್ನೂ ಓದನ್ನೂ ವಿಶ್ರಾಂತಿಯನ್ನೂ ಅಪಹರಿಸುತ್ತದೆ. ಕೆಲಸದ ದಿನವನ್ನು ಮುಂಚಿತವಾಗಿ ಗೊತ್ತುಮಾಡುವುದು ನೆರೆಯವನನ್ನು ಪ್ರೀತಿಸುವ ಒಂದು ರೀತಿಯೇ ಆಗಿದೆ.

ಹಾಗಾದರೆ ಸರಿಯಾಗಿ ಎಣಿಸಿದವನಿಗೆ ಫಲವು ನಿಶ್ಚಯವೋ? ಅಲ್ಲ. 1980ರಲ್ಲಿ ಊಜಿ ನೊಣವು ಬಂಗಾಳದ ಕಡೆಯಿಂದ ನಮ್ಮ ರಾಜ್ಯಕ್ಕೆ ಬಂದು ಸೇರಿದಾಗ, ಹೊತ್ತಿಗೆ ಸರಿಯಾಗಿ ದುಡಿದವರ ಹುಳುಗಳೂ ಸತ್ತವು. ಮಳೆಯು ತಪ್ಪಿದ ವರ್ಷ ಜಾಗ್ರತೆಯುಳ್ಳವನ ಹೊಲವೂ ಒಣಗುವುದು. ಲೆಕ್ಕಹಾಕುವವನು ನಾಳೆಗೆ ಒಡೆಯನಲ್ಲ. ಅವನು ಈ ದಿನಕ್ಕೆ ಮನೆವಾರ್ತೆಯವನು ಮಾತ್ರ. ಅವನು ಈ ದಿನದ ಪಾಲನ್ನು ಈ ದಿನವೇ ಮಾಡಿದ್ದರಿಂದ ಫಲವನ್ನು ದೇವರಿಗೆ ಒಪ್ಪಿಸಿ ಮಲಗಬಲ್ಲನು. ಮಾಡದೆ ಇರುವವನಾದರೋ ನಿದ್ರೆಯಿಲ್ಲದೆ ಹೊರಳಾಡಿ, ಆ ಕಳವಳವನ್ನೇ ಪ್ರಾರ್ಥನೆಯೆಂದು ಎಣಿಸುತ್ತಾನೆ. ಕರ್ತನು ಬೇಡವೆಂದ ಚಿಂತೆಯು ಯಾರ ಮನೆಯಲ್ಲಿ ವಾಸಮಾಡುತ್ತದೆಂದು ನೀವೇ ತೀರ್ಪುಮಾಡಿರಿ.

ಆದಕಾರಣ ಈ ತಿಂಗಳಿನಲ್ಲಿ ಪ್ರತಿ ಮನೆಯವರೂ ಒಂದು ಸಂಜೆ ಕುಟುಂಬದ ಪ್ರಾರ್ಥನೆಯಾದ ಮೇಲೆ ಕೂಡಿ ಕೂತು, ಮುಂದಿರುವ ವಾಯಿದೆಗಳನ್ನು ಒಂದು ಕಾಗದದಲ್ಲಿ ಬರೆಯಲಿ. ಓದು ಬಾರದವರಿಗೆ ಮಕ್ಕಳು ಬರೆದುಕೊಡಲಿ. ಸಂಘದ ಸಾಲದ ಕಂತು, ಮಗುವಿನ ಶಾಲೆಯ ಫೀಜು, ಹುಳುವಿನ ಬೆಳೆ, ಸುಗ್ಗಿಹಬ್ಬದ ಕಾಣಿಕೆ, ಯಾವುದನ್ನೂ ಬಿಡಬಾರದು. ಒಂದೊಂದರ ಪಕ್ಕದಲ್ಲಿಯೂ ಕೆಲಸ ಆರಂಭಿಸುವ ದಿನವನ್ನು ಹಿಂದಕ್ಕೆ ಎಣಿಸಿ ಬರೆಯಲಿ. ಭಾನುವಾರಗಳನ್ನು ಆ ಎಣಿಕೆಯಿಂದ ಮೊದಲೇ ತೆಗೆದುಬಿಡಲಿ. ರೋಗಕ್ಕೂ ಅತಿಥಿಗೂ ಮಳೆಗೂ ಎರಡು ಮೂರು ದಿನಗಳನ್ನು ಬರಿದಾಗಿ ಉಳಿಸಲಿ. ಆ ಮೇಲೆ ಆ ಕಾಗದವನ್ನು ದೇವರ ಮುಂದೆ ಇಟ್ಟು ಆತನ ಚಿತ್ತವಾಗಲೆಂದು ಬೇಡಿಕೊಂಡು, ಮರುದಿನ ಬೆಳಿಗ್ಗೆ ಮೊದಲನೆಯ ಕೆಲಸಕ್ಕೆ ಕೈಹಾಕಲಿ.